ರೈಫಲ್ ಟೆಸ್ಟ್ ಮಾಡಾಕ ಯಾವ ರೆಸ್ಟ್ ತಗೋಬೇಕು? ಪದೇ ಪದೇ ಕೇಳೋ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಾಗ ಏರ್ ರೈಫಲ್ ಕಲಿಯೋ ಹುಡುಗ್ರು ಜಾಸ್ತಿ ಆಗ್ಯಾರ, ಅವ್ರ ಜೋಡಿ ಅವ್ರ ಅಪ್ಪ-ಅವ್ವನ ಪ್ರಶ್ನೆಗಳೂ ಜಾಸ್ತಿ ಆಗ್ಯಾವು. ಗದಗ, ಹಾವೇರಿ ಕಡಿಂದಾನೂ ಫೋನ್ ಬರ್ತಾವು. "ಸರ್, ಗನ್ ಸರಿ ಹೊಡ್ಯಾಕತ್ತಿಲ್ಲ, ಏನ್ ಮಾಡೂದು?" ಅಂತ ಶುರು ಆಗಿ ಕಡೀಕ ರೆಸ್ಟಿನ (ಹೊಡಿಯಾಗ ಗನ್ ಆನಿಸಿ ಇಡೋ ಆಸರದ) ಮ್ಯಾಲೆ ಬಂದ ನಿಲ್ತೈತಿ. ಎಲ್ಲಾರಿಗೂ ಒಂದೊಂದ ಸಲ ಹೇಳೂದಕ್ಕಿಂತ ಇಲ್ಲೇ ಬರದಿಡ್ತೀನಿ. ಇದೆಲ್ಲಾ ಹಾಳಿ ಟಾರ್ಗೆಟ್ ಹೊಡಿಯೋರಿಗೆ, ಬ್ಯಾರೆ ಯಾವ ಕೆಲಸಕ್ಕೂ ಅಲ್ಲ.

ರೆಸ್ಟ್ ಯಾಕ ಬೇಕ್ರಿ? ಕೈಯಾಗ ಹಿಡದು ಹೊಡದ್ರ ಗೊತ್ತಾಗಂಗಿಲ್ಲೇನು?

ಗೊತ್ತಾಗೂದು ನಿಮ್ ಕೈ ಎಷ್ಟು ಅಲ್ಲಾಡತೈತಿ ಅಂತ, ಗನ್ ಎಂಥಾದು ಅಂತ ಅಲ್ಲ. ತಕ್ಕಡಿನ ಓಲಾಡತಿದ್ರ ಅದರಾಗ ಬಂಗಾರ ತೂಗಿ ಏನ್ ಉಪಯೋಗ. ನಿಂತ್ಕೊಂಡು ಹೊಡ್ಯಾವ್ರು ಎಷ್ಟ ಪಳಗಿದವ್ರಿದ್ರೂ ಒಂದೊಂದು ಶಾಟ್ ಒಂದೊಂದು ಕಡೆ ಹೋಗತೈತಿ, ಅದರಾಗ ಪೆಲೆಟ್ಟಿನ (ಏರ್ ಗನ್ನಿನ ಸಣ್ಣ ಗುಂಡಿನ) ತಪ್ಪೆಷ್ಟು ಹುಡುಗನ ತಪ್ಪೆಷ್ಟು ಅಂತ ಬ್ಯಾರೆ ಮಾಡಾಕ ಬರಂಗಿಲ್ಲ. ಹಂಗಾಗಿ ಮನಷ್ಯಾನ್ನ ಎಷ್ಟಾಗತೈತೋ ಅಷ್ಟು ಲೆಕ್ಕದಿಂದ ಹೊರಗ ತಗೀಬೇಕು, ಅದಕ್ಕ ರೆಸ್ಟ್.

ಆದ್ರ ಒಂದ್ ಮಾತು. ರೆಸ್ಟ್ ಅಂದ್ರ ಗನ್ನ ಗಟ್ಟ್ಯಾಗಿ ಹಿಡಿಯೋದು ಅಂತ ಎಲ್ಲಾರೂ ತಿಳ್ಕೊಂಡಾರ. ಗಟ್ಟಿ ಹಿಡಿಯೂದು ಮುಖ್ಯ ಅಲ್ರಿ, ಪ್ರತಿ ಶಾಟಿಗೂ ಗನ್ ಅದ ಜಾಗಾಕ್ಕ ಬರಬೇಕು, ಹೊಡದಾಗ ಅದ ನಮೂನಿ ಹಿಂದಕ್ಕ ಸರೀಬೇಕು. ಇಷ್ಟಾದ್ರ ಉಸುಕಿನ ಚೀಲಾನೂ ಛಲೋ ರೆಸ್ಟು, ಇಷ್ಟಾಗಲಿಲ್ಲಂದ್ರ ಫಾರಿನ್ ಮಾಲೂ ಬರೇ ಕಬ್ಬಣ.

ಎಷ್ಟ ನಮೂನಿ ರೆಸ್ಟ್ ಅದಾವು?

ನಮ್ ಕಡೆ ಕಣ್ಣಿಗೆ ಬೀಳೋವು ಅಂದ್ರ ಉಸುಕಿನ ಚೀಲ, ಅದರಾಗ ಮುಂದೊಂದು ಹಿಂದೊಂದು. ಆಮ್ಯಾಲೆ ಮೂರು ಕಾಲಿನ ಸ್ಟ್ಯಾಂಡಿನ ಮ್ಯಾಲೆ ಸಣ್ಣ ಚೀಲ ಕುಂದರಿಸಿ, ಸ್ಕ್ರೂ ತಿರುವಿದ್ರ ಮ್ಯಾಲೆ ಕೆಳಗ ಎಡಕ್ಕ ಬಲಕ್ಕ ಆಗೋ ಫ್ರಂಟ್ ರೆಸ್ಟ್. ಮುಂದ ಹಿಂದ ಎರಡೂ ಒಂದ ಫ್ರೇಮಿನಾಗ ಇರೋ ಸ್ಲೆಡ್. ಗನ್ನಿಗೆ ಹಚ್ಚೋ ಎರಡು ಕಾಲಿನ ಬೈಪಾಡ್. ಕಡೇದ್ದು ಕ್ಲ್ಯಾಂಪ್, ಅಂದ್ರ ಗನ್ನ ವೈಸಿನಾಗ ಕಟ್ಟಿ ಹೊಡಿಯೂದು, ಮಷೀನ್ ರೆಸ್ಟ್ ಅಂತಾರ.

ಯಾವುದು ಛಲೋ ಅಂತ ಕೇಳಬ್ಯಾಡ್ರಿ. ನಿಮ್ ಗನ್ ಯಾವುದು, ಏನ್ ತಿಳ್ಕೋಬೇಕಂತೀರಿ, ಅದನ್ನ ಮೊದಲ ಹೇಳ್ರಿ. ಗನ್ ಝೀರೋ ಮಾಡೂದು, ಅಂದ್ರ ಸೈಟ್ ಹಿಡದಲ್ಲೇ ಪೆಲೆಟ್ ಬೀಳೂವಂಗ ಸೆಟ್ ಮಾಡೂದು, ಒಂದು ಕೆಲಸ, ಎರಡು ಡಬ್ಬಿ ಪೆಲೆಟ್ಟಿನಾಗ ಯಾವುದು ಛಲೋ ಅಂತ ಆರಿಸೂದು ಇನ್ನೊಂದು, ಗನ್ನಿನಾಗ ಏನೋ ಸಡ್ಲ ಆಗೇತಿ ಅಂತ ಹುಡುಕೂದು ಮತ್ತೊಂದು. ಮೂರಕ್ಕೂ ಒಂದ ರೆಸ್ಟ್ ನಡೀತೈತಿ ಅಂತಿಲ್ಲ.

ನಂದು ಸ್ಪ್ರಿಂಗ್ ಗನ್, ಬ್ಯಾರಲ್ ಮುರದು ಲೋಡ್ ಮಾಡೋದು. ವೈಸಿನಾಗ ಕಟ್ಟಿ ಹೊಡೀಲೇನು?

ಬ್ಯಾಡ್ರಿ. ಇದು ಎಲ್ಲಾಕ್ಕಿಂತ ಜಾಸ್ತಿ ಬರೋ ಪ್ರಶ್ನೆ. ಸ್ಪ್ರಿಂಗ್ ಗನ್ನಿನಾಗ ಟ್ರಿಗರ್ ಒತ್ತಿದ ಕೂಡ್ಲೆ ಒಳಗಿನ ಪಿಸ್ಟನ್ ಮುಂದಕ್ಕ ಹಾರತೈತಿ, ಅದಕ್ಕ ಗನ್ ಹಿಂದಕ್ಕ ಬರ್ತೈತಿ, ಪಿಸ್ಟನ್ ಹೋಗಿ ಸಿಲಿಂಡರಿನ ತುದಿಗೆ ಬಡದಾಗ ಗನ್ ಮತ್ತ ಮುಂದಕ್ಕ ಜಗ್ಗತೈತಿ. ಈ ಎಳದಾಟ ಪೆಲೆಟ್ ಬ್ಯಾರಲ್ ಬಿಡೂಕ್ಕಿಂತ ಮೊದಲ ಶುರು ಆಗಿರತೈತಿ. ಅಂದ್ರ ಗನ್ನ ಹೆಂಗ ಹಿಡದೀರಿ, ಎಲ್ಲಿ ಆನಿಸೀರಿ ಅನ್ನೂದ್ರ ಮ್ಯಾಲೆ ಪೆಲೆಟ್ ಎಲ್ಲಿ ಹೋಗತೈತಿ ಅನ್ನೂದು ನಿಂತೈತಿ. ವೈಸಿನಾಗ ಬಿಗದ್ರ ಗ್ರೂಪ್ (ಹಾಳಿ ಮ್ಯಾಲೆ ಬಿದ್ದ ತೂತುಗಳ ಗುಂಪು) ಹರಡತೈತಿ, ಗಟ್ಟಿ ಚೀಲದ ಮ್ಯಾಲೆ ನೇರ ಇಟ್ರೂ ಅಷ್ಟ. ಈ ಕುಟ್ಟಾಟಕ್ಕ ಅಗ್ಗದ ಸ್ಕೋಪ್ ಒಳಗಿಂದೊಳಗ ಮುರೀತಾವು, ಮೌಂಟ್ ಸರೀತಾವು, ಜನ ಗನ್ನಿಗೆ ಬೈತಾರ.

ಏನ್ ಮಾಡ್ರಿ ಅಂದ್ರ, ಟೇಬಲ್ ಮ್ಯಾಲೆ ಮೆತ್ತನ್ನ ಚೀಲ ಇಡ್ರಿ, ಅದರ ಮ್ಯಾಲೆ ನಿಮ್ಮ ಎಡಗೈ ಅಂಗೈ ಮ್ಯಾಲೆ ಮಾಡಿ ಇಡ್ರಿ, ಅಂಗೈ ಮ್ಯಾಲೆ ಗನ್ ಕುಂದರಿಸ್ರಿ. ಬೆರಳು ಸುತ್ತಿ ಹಿಡೀಬ್ಯಾಡ್ರಿ, ಬೆರಳು ಬಿಚ್ಚಿದ್ದ ಇರಲಿ. ಟ್ರಿಗರ್ ಗಾರ್ಡಿನ ಸ್ವಲ್ಪ ಮುಂದ ಗನ್ ತೂಕ ಸಮ ಆಗೋ ಜಾಗಾ ಸಿಗತೈತಿ, ಅಲ್ಲಿಂದ ಶುರು ಮಾಡಿ ಬೆರಳಷ್ಟು ಬೆರಳಷ್ಟು ಮುಂದ ಹಿಂದ ಸರಿಸಿ ಐದೈದು ಶಾಟ್ ಹೊಡದ ನೋಡ್ರಿ. ಯಾವ ಜಾಗಾದಾಗ ಗ್ರೂಪ್ ಸಣ್ಣ ಆತು ಅಲ್ಲೊಂದು ಇನ್ಸುಲೇಷನ್ ಟೇಪ್ ಸುತ್ತಿಬಿಡ್ರಿ, ಇನ್ನ ಮ್ಯಾಲೆ ಕೈ ಅಲ್ಲೇ. ಗನ್ನಿನ ಬುಡ ಹೆಗಲಿಗೆ ಹತ್ತಿರಬೇಕು ಅಷ್ಟ, ಒತ್ತಿ ಹಿಡಿಯೂದಲ್ಲ. ಇಂಗ್ಲಿಷಿನಾಗ ಆರ್ಟಿಲರಿ ಹೋಲ್ಡ್ ಅಂತಾರ ಇದಕ್ಕ. ಹೊಸಬ್ರಿಗೆ ಇದು ಉಲ್ಟಾ ಅನಸತೈತಿ, ಹಿಡೀಲಾರದ ಹೆಂಗ ಗುರಿ ಹತ್ತತೈತಿ ಅಂತ. ಹೊಡದ ನೋಡಿದ ಮ್ಯಾಲೆ ವಾದ ಮಾಡಂಗಿಲ್ಲ.

ಮಗಳ ಕಡೆ ಮ್ಯಾಚ್ (ಸ್ಪರ್ಧೆಯ) ಏರ್ ರೈಫಲ್ ಐತಿ, ಪೆಲೆಟ್ ಬ್ಯಾಚ್ ಆರಿಸಬೇಕು. ಅದಕ್ಕ?

ಇಲ್ಲಿ ಕ್ಲ್ಯಾಂಪ್ ಬಳಸಬಹುದು. ಸಿಲಿಂಡರಿನಾಗ ಗಾಳಿ ತುಂಬಿ ಹೊಡಿಯೋ ಪಿಸಿಪಿ ಮ್ಯಾಚ್ ಗನ್ನಿನಾಗ ಎಳದಾಟ ಭಾಳ ಕಮ್ಮಿ, ಪೆಲೆಟ್ ಸೆಕೆಂಡಿಗೆ ಸುಮಾರು 170-175 ಮೀಟರ್ ವೇಗದಾಗ ಹೋಗತೈತಿ. ದೊಡ್ಡ ಕಂಪನಿ ಗನ್ ತಗೊಂಡ್ರ ಡಬ್ಬಿಯೊಳಗ ಒಂದು ಟೆಸ್ಟ್ ಕಾರ್ಡ್ ಬರ್ತೈತಲ್ಲ, ಒಂದ ತೂತು ಬಿದ್ದಿದ್ದು, ಅದು ಫ್ಯಾಕ್ಟರಿಯಾಗ ಕ್ಲ್ಯಾಂಪಿಗೆ ಕಟ್ಟಿ ಹೊಡದಿದ್ದು. .22 ಬೋರಿನ ರೈಫಲ್ ಗುಂಡಿನ ಲೆಕ್ಕಾನೂ ಹಿಂಗ, ಜರ್ಮನಿಯ ಶೋನೆಬೆಕ್ಕಿನಾಗ ಲಾಪುವಾ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಾಗ ಈಲಿ ಅನ್ನೋ ಗುಂಡು ಕಂಪನಿಯವ್ರು ಶೂಟರ್ ತಂದ ರೈಫಲನ್ನ ಫಿಕ್ಸ್ ಮಾಡಿ ಲಾಟ್ ಲಾಟ್ (ಒಂದೊಂದು ಬ್ಯಾಚ್) ಹೊಡದು ಯಾವ ಲಾಟ್ ಕೂಡತೈತಿ ಅಂತ ನೋಡ್ತಾರ, ಶೂಟರ್ ಅದ ಲಾಟಿನ ಗುಂಡು ಕೊಳ್ತಾರ.

ಆದ್ರ ಅಗ್ಗದ ಕ್ಲ್ಯಾಂಪಿಗೆ ನಾ ಒಪ್ಪಂಗಿಲ್ಲ, ಕಾರಣ ಹೇಳ್ತೀನಿ. ಚೀಲದ ಮ್ಯಾಲೆ ಗನ್ ಇಟ್ಟಾಗ ಪ್ರತಿ ಸಲ ಸೈಟಿನಾಗ ನೋಡಿ ಗುರಿ ಹಿಡಿತೀರಿ, ಚೀಲ ಸರಿದಿದ್ರ ಕಣ್ಣಿಗೆ ಕಾಣತೈತಿ, ಸರಿ ಮಾಡ್ಕೋತೀರಿ. ಕ್ಲ್ಯಾಂಪಿನಾಗ ಯಾರೂ ಸೈಟ್ ನೋಡಂಗಿಲ್ಲ, ಕಟ್ಟಿ ಟ್ರಿಗರ್ ಒತ್ತೂದಷ್ಟ, ಹಂಗಾಗಿ ಕ್ಲ್ಯಾಂಪ್ ಎಷ್ಟು ಸರಿದೈತೋ ಅಷ್ಟೂ ಹಾಳಿ ಮ್ಯಾಲೆ ಬೀಳತೈತಿ. ಲೆಕ್ಕ ಹಾಕ್ರಿ, ಮುಂದಿನ ಹಿಡತಕ್ಕೂ ಹಿಂದಿನ ಹಿಡತಕ್ಕೂ ಅರ್ಧ ಮೀಟರ್ ಅಂತರ ಐತಿ ಅಂದ್ಕೊಳ್ರಿ, ಹಿಂದಿಂದು 1 ಮಿ.ಮೀ. ಸರೀತು ಅಂದ್ರ 10 ಮೀಟರ್‌ದಾಗ 20 ಮಿ.ಮೀ. ತಪ್ಪು. 50 ಮೀಟರ್‌ದಾಗ 100 ಮಿ.ಮೀ. ಅಂದ್ರ ಮಿಲಿಮೀಟರಿನ ಹತ್ತನೇ ಭಾಗ ಸರಿದ್ರೂ 10 ಮೀಟರ್‌ದಾಗ 2 ಮಿ.ಮೀ. ಹೋತು. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಾಗ ಲೇತಿನವ್ರ ಕಡೆ ಫ್ರೇಮ್ ಮಾಡಿಸ್ತೀವಿ ಅನ್ನೋರಿಗೆ ಇದನ್ನ ಹೇಳೂದು: ವೆಲ್ಡಿಂಗ್ ಛಲೋ ಇದ್ರ ಸಾಲದು, ಅದನ್ನ ಎಲ್ಲಿ ಬೋಲ್ಟ್ ಹಾಕಿ ಕೂಡಸ್ತೀರಿ ಅನ್ನೂದು ಮುಖ್ಯ. ಕಟ್ಟಿಗಿ ಟೇಬಲ್ ಮ್ಯಾಲೆ ಬ್ಯಾಡ, ಕಾಂಕ್ರೀಟ್ ಕಟ್ಟಿ ಮ್ಯಾಲೆ ಇಲ್ಲಾ ಗ್ವಾಡಿಗೆ ಬೋಲ್ಟ್ ಹಾಕ್ರಿ. ಹಿಡಿಯೋ ಜಾಗಾಕ್ಕ ಚರ್ಮ ಇಲ್ಲಾ ರಬ್ಬರ್ ಹಾಕ್ರಿ, ಗಾಳಿ ಸಿಲಿಂಡರ್ ಮ್ಯಾಲೆ ಯಾವತ್ತೂ ಬಿಗೀಬ್ಯಾಡ್ರಿ, ಗನ್ನಿನ ಕಟ್ಟಿಗಿಗೆ ತಾಗದ ತೇಲೋ ಬ್ಯಾರಲ್ ಇದ್ರ ಬ್ಯಾರಲ್ ಮ್ಯಾಲೂ ಬ್ಯಾಡ.

ಮತ್ತ ಒಂದು, ಬ್ಯಾಚ್ ಟೆಸ್ಟ್ ಮಾಡಾಗ ಸಿಲಿಂಡರ್ ಗೇಜ್ ನೋಡಕೊಂಡಿರ್ರಿ. ಪ್ರೆಶರ್ ಕೆಳಗಿಳದ ಮ್ಯಾಲೆ ಹೊಡದ ಪೆಲೆಟ್ಟಿಗೆ ಅನ್ಯಾಯ ಆಗತೈತಿ. 4.49, 4.50, 4.51 ಮಿ.ಮೀ. ಅಂತ ಪೆಲೆಟ್ಟಿನ ತಲಿ ಸೈಜ್ ಬರದ ಡಬ್ಬಿ ಇದ್ರ ಒಂದರ ಹಿಂದ ಒಂದು ಮುಗಿಸೂದಕ್ಕಿಂತ ಸುತ್ತು ಹಾಕಿ ಹೊಡೀರಿ, ಇದರಾಗ ಐದು ಅದರಾಗ ಐದು, ಮತ್ತ ಮೊದಲಿಂದ.

ಚೀಲ ಇಲ್ಲೇ ಹೊಲಿಸಬಹುದೇನು? ಏನ್ ತುಂಬಬೇಕು?

ಹೊಲಿಸ್ರಿ, ಆನ್‌ಲೈನ್ ಚೀಲ ಖಾಲಿ ಬರ್ತಾವು, ತುಂಬೂದು ಹೆಂಗಿದ್ರೂ ನಿಮ್ಮ ಕೆಲಸಾನ. ಹಳೇ ಜೀನ್ಸ್ ಪ್ಯಾಂಟಿನ ಕಾಲು ನಡೀತೈತಿ, ಗಾಡಿ ಸೀಟ್ ಕವರ್ ಹೊಲಿಯೋರಿಗೆ ಕ್ಯಾನ್ವಾಸ್ ಕೊಟ್ರ ಗಟ್ಟಿ ದಾರದಾಗ ಎರಡು ಸುತ್ತು ಹೊಲದ ಕೊಡ್ತಾರ. ಒಳಗೊಂದು ಚೀಲ ಹೊರಗೊಂದು ಚೀಲ ಮಾಡ್ಸ್ರಿ, ಇಲ್ಲಂದ್ರ ಹೊಲಿಗಿ ಸಂದ್ಯಾಗಿಂದ ಉಸುಕು ಉದುರಿ ಗನ್ನಿನ ಟ್ರಿಗರಿನೊಳಗ ಹೊಕ್ಕೊಂಡಿರತೈತಿ. (ಬೆಂಗೇರಿ ಖಾದಿ ಸಂಘದಾಗ ರಾಷ್ಟ್ರಧ್ವಜಕ್ಕ ಬಳಸೋ ಬಟ್ಟಿ ನೋಡಿ ಒಬ್ರು ಅಂಥಾದ್ದ ಸಿಗತೈತೇನು ಅಂತ ಕೇಳಿದ್ರು, ಸ್ವಾಮಿ, ಧ್ವಜದ ಬಟ್ಟಿ ಧ್ವಜಕ್ಕ ಇರಲಿ, ಡೆನಿಮ್ ಸಾಕು.)

ಉಸುಕಿನ ವಿಷಯಕ್ಕ ಬರ್ರಿ. ನದಿ ಉಸುಕು ಒಂದು ಪುಟ್ಟಿ ಸಿಕ್ರ ಸಾಕು, ಮನಿ ಕಟ್ಟೋರ ಕಡೆ ಕೇಳಿದ್ರ ಕೊಡ್ತಾರ. ಸಣ್ಣ ಜರಡಿ ಹಿಡೀರಿ, ಎರಡ ಸಲ ತೊಳೀರಿ, ಮ್ಯಾಳಗಿ ಮ್ಯಾಲೆ ತಾಡಪತ್ರಿ ಹಾಸಿ ಬಿಸಿಲಿಗೆ ಒಣಗಿಸ್ರಿ, ಮುಷ್ಟಿಯಾಗ ಹಿಡದು ಬಿಟ್ರ ಹಂಗ ಜಾರಿ ಹೋಗಬೇಕು, ಉಂಡಿ ಕಟ್ಟಿದ್ರ ಇನ್ನೂ ಹಸಿ ಐತಿ ಅಂತ. ಎಂ-ಸ್ಯಾಂಡಿನಾಗ ಧೂಳು ಜಾಸ್ತಿ, ತೊಳೀಲಾರದ ತುಂಬಬ್ಯಾಡ್ರಿ. ಎರಿ ಮಣ್ಣು ಅಂತೂ ಬ್ಯಾಡ, ಹಸಿ ಹಿಡದ್ರ ಉಬ್ಬತೈತಿ ಒಣಗಿದ್ರ ಕಲ್ಲಾಗತೈತಿ. ಜೋಳ, ಗೋದಿ ತುಂಬಿದ್ರ ಹಗುರ ಆಗತೈತಿ, ಹೊರಾಕ ಛಲೋ, ಆದ್ರ ನುಸಿ ಹತ್ತತೈತಿ, ಇಲಿಗೆ ಹಬ್ಬ. ಒಣ ಉಸುಕು ಲೀಟರಿಗೆ ಒಂದೂವರಿ ಕಿಲೋ ಮ್ಯಾಲೇ ತೂಗತೈತಿ, ಅದಕ್ಕ ಮುಂದಿನ ಚೀಲ ನಾಕೈದು ಲೀಟರ್ ಹಿಡಿಯೋ ಅಷ್ಟು ದೊಡ್ಡದಿದ್ರ ಸಾಕು, ಅಲ್ಲಾಡಂಗಿಲ್ಲ.

ತುಂಬೂದ್ರಾಗ ಎಲ್ಲಾ ಐತಿ. ಅರ್ಧಂಬರ್ಧ ತುಂಬಿದ್ರ ಗನ್ ನಿಧಾನಕ್ಕ ಒಳಗಿಳೀತೈತಿ, ಐದನೇ ಶಾಟಿಗೆ ಮೊದಲನೇ ಶಾಟಿನ ಜಾಗಾ ಇರಂಗಿಲ್ಲ. ಮುಂದಿನ ಚೀಲ ಬಿಗಿ ತುಂಬ್ರಿ, ಸ್ವಲ್ಪ ಸ್ವಲ್ಪ ಹಾಕಿ ನೆಲಕ್ಕ ಕುಟ್ಟಿ ಮತ್ತ ಹಾಕ್ರಿ, ಮುಗದ ಮ್ಯಾಲೆ ಮುಷ್ಟಿಲೆ ಗುದ್ದಿ ನಡುವು ಒಂದು ತಗ್ಗು ಮಾಡ್ರಿ, ಆ ತಗ್ಗು ಹಂಗ ನಿಲ್ಲಬೇಕು. ಹಿಂದಿನ ಚೀಲ ಸಣ್ಣದು, ಎರಡು ಕಿವಿ ಇದ್ದಂಗ ಹೊಲಿಸ್ತಾರ, ಆ ಕಿವಿ ನಡುವು ಬುಡದ ತುದಿ ಕುಂದ್ರತೈತಿ. ಇದನ್ನ ಭಾಳ ಬಿಗಿ ತುಂಬಬ್ಯಾಡ್ರಿ, ಎಡಗೈಲೆ ಹಿಂಡಿದ್ರ ಬುಡ ಮ್ಯಾಲೇರಬೇಕು ಬಿಟ್ರ ಕೆಳಗಿಳೀಬೇಕು, ಗುರಿ ಮ್ಯಾಲೆ ಕೆಳಗ ಮಾಡೂದು ಇದರಿಂದಾನ. ಬಟ್ಟಿಗೆ ಗನ್ ಅಂಟಿ ಜಗ್ಗಿದಂಗ ಆದ್ರ ಮುಖಕ್ಕ ಹಚ್ಚೋ ಪೌಡರ್ ಸ್ವಲ್ಪ ತಿಕ್ರಿ.

ಗನ್ನಿನ ಯಾವ ಭಾಗ ಚೀಲದ ಮ್ಯಾಲೆ ಇಡಬೇಕು?

ಮುಂದಿನ ಕಟ್ಟಿಗಿ, ಅಂದ್ರ ಫೋರ್‌ಎಂಡ್. ಬ್ಯಾರಲ್ ಯಾವುದಕ್ಕೂ ತಾಗಬಾರ್ದು, ತಾಗಿದ್ರ ಗ್ರೂಪ್ ಆ ಕಡೆ ಈ ಕಡೆ ಎಗರತೈತಿ. ಸ್ಲಿಂಗಿನ (ಗನ್ನಿನ ಪಟ್ಟಿ) ಕೊಂಡಿ ಇದ್ರ ಬಿಚ್ಚಿಡ್ರಿ, ಇಲ್ಲಂದ್ರ ಗನ್ ಹಿಂದಕ್ಕ ಬರಾಗ ಅದು ಚೀಲಕ್ಕ ಬಡಿತೈತಿ. ಪ್ರತಿ ಸಲ ಅದ ಜಾಗಾ ಚೀಲದ ಮ್ಯಾಲೆ ಬರಲಿ ಅಂತ ಪೆನ್ಸಿಲಿಲೆ ಗೆರಿ ಹಾಕ್ಕೊಳ್ರಿ.

ಟೇಬಲ್ ಎಂಥಾದು ಬೇಕು?

ಪ್ಲಾಸ್ಟಿಕ್ ಟೇಬಲ್, ಮಡಚೋ ಟೇಬಲ್ ಮರತಬಿಡ್ರಿ. ಇಟ್ಟಂಗಿ ಕಂಬದ ಮ್ಯಾಲೆ ಕಡಪಾ ಕಲ್ಲು ಹಾಕಿದ್ದಕ್ಕ ಮೀರಿದ್ದಿಲ್ಲ. ಖುರ್ಚಿ ಟೇಬಲ್ಲಿಗೆ ಹತ್ತಿರಬಾರ್ದು, ಕುಂತವ್ರು ಉಸರ ಎಳದ್ರೂ ಟೇಬಲ್ ಅಲ್ಲಾಡೋದನ್ನ ಸ್ಕೋಪಿನಾಗ ನೋಡಬಹುದು.

ಬೈಪಾಡ್ ಸಾಕಾಗಂಗಿಲ್ಲೇನು? ಯೂಟ್ಯೂಬಿನಾಗ ಎಲ್ಲಾರೂ ಅದನ್ನ ಬಳಸ್ತಾರ.

ಝೀರೋ ಮಾಡಾಕ ಸಾಕು. ಗಟ್ಟಿ ನೆಲದ ಮ್ಯಾಲೆ ಕಾಲು ಪುಟೀತಾವು, ಕೆಳಗೊಂದು ದಪ್ಪ ಕಾರ್ಪೆಟ್ ತುಂಡು ಹಾಕ್ರಿ, ಹಿಂದ ಚೀಲ ಇದ್ದ ಇರಬೇಕು. ಪೆಲೆಟ್ ಆರಿಸಾಕ ನಾನಂತೂ ಬೈಪಾಡ್ ನಂಬಂಗಿಲ್ಲ.

ತೂಕ ಹೇರೋ ಸ್ಲೆಡ್ ಬರ್ತಾವಲ್ಲ, ದೊಡ್ಡ ರೈಫಲಿಗೆ ಅವು ಛಲೋ ಅಂತಾರ?

ಲೈಸೆನ್ಸ್ ಇರೋ ದೊಡ್ಡ ಬೋರಿನ ರೈಫಲ್ ಇಟ್ಟವ್ರು ಕೇಳ್ತಾರ, ಹೆಗಲು ನೋವು ತಪ್ಪತೈತಿ ಅಂತ. ತಪ್ಪತೈತಿ ಖರೆ, ಆದ್ರ ನಿಮ್ ಹೆಗಲು ಸರಿದು ತಡಕೊಳ್ತಿದ್ದ ಧಕ್ಕೆ ಎಲ್ಲಿ ಹೋಗಬೇಕು? ಸ್ಲೆಡ್ ಮ್ಯಾಲೆ ಭಾರ ಹೇರಿ ಅದನ್ನ ಅಲ್ಲಾಡದಂಗ ಮಾಡಿದ್ರ ಧಕ್ಕೆ ಪೂರಾ ಗನ್ನಿನ ಕಟ್ಟಿಗಿ ಮ್ಯಾಲೆ ಬೀಳತೈತಿ, ಸ್ಟಾಕ್ ಸೀಳೋ ಸಾಧ್ಯತೆ ಐತಿ, ಅದರಾಗೂ ಹಳೇ ಕಟ್ಟಿಗಿ ಸ್ಟಾಕ್ ಆದ್ರ. ಭಾರ ಕಮ್ಮಿ ಇಡ್ರಿ, ಸ್ಲೆಡ್ ಸ್ವಲ್ಪ ಹಿಂದ ಸರೀಲಿ. .22 ಮತ್ತ ಏರ್ ರೈಫಲಿಗೆ ಇದರ ಗರಜೇ ಇಲ್ಲ.

ಎಷ್ಟು ಶಾಟ್ ಹೊಡದ ನಿರ್ಧಾರ ಮಾಡಬೇಕು? ಮೂರು ಶಾಟ್ ಒಂದ ತೂತಿನಾಗ ಹೋಗ್ಯಾವು ಸರ್!

ಮೂರು ಶಾಟಿನ ಫೋಟೋ ವಾಟ್ಸಾಪಿಗೆ ಛಲೋ. ಅದ ಗನ್ನು ಅದ ಪೆಲೆಟ್ಟು ಇದ್ರೂ ಮೂರು ಶಾಟಿನ ಗ್ರೂಪಿಗಿಂತ ಐದು ಶಾಟಿನ ಗ್ರೂಪ್ ಸರಾಸರಿ ಕಾಲುಭಾಗದಷ್ಟು ದೊಡ್ಡದು ಬರ್ತೈತಿ, ಐದರಕ್ಕಿಂತ ಹತ್ತರದ್ದು ಮತ್ತ ಹತ್ರಹತ್ರ ಅಷ್ಟ ದೊಡ್ಡದು. ಇದು ಗನ್ ಕೆಟ್ಟಿದ್ದಲ್ಲ, ಲೆಕ್ಕಾನ ಹಂಗ. ಅಂದ್ರ ಇವ್ನ ಮೂರು ಶಾಟಿನ ಗ್ರೂಪನ್ನ ಅವ್ನ ಹತ್ತು ಶಾಟಿನ ಗ್ರೂಪ್ ಜೋಡಿ ಹೋಲಿಸೂದು ತಪ್ಪು. ಪೆಲೆಟ್ ಆರಿಸಾಕ ಹತ್ತು ಶಾಟಿನ ಗ್ರೂಪ್, ಅದೂ ಒಂದಕ್ಕಿಂತ ಜಾಸ್ತಿ ಹೊಡೀರಿ. "ಅದೊಂದು ಶಾಟ್ ನನ್ ತಪ್ಪು" ಅಂತ ಹೊರಗ ಬಿದ್ದಿದ್ದನ್ನ ತಗದ ಹಾಕೂದಿದ್ರ ಟ್ರಿಗರ್ ಒತ್ತಿದ ಕೂಡ್ಲೆ, ಹಾಳಿ ನೋಡೂಕ್ಕಿಂತ ಮೊದಲ ಹೇಳಬೇಕು.

ಗ್ರೂಪ್ ಹೆಂಗ ಅಳೀತಾರ? ಎಷ್ಟ ಬಂದ್ರ ಛಲೋ?

ಎಲ್ಲಾಕ್ಕಿಂತ ದೂರ ಇರೋ ಎರಡು ತೂತಿನ ಹೊರಗಿನ ಅಂಚಿಂದ ಅಂಚಿಗೆ ವರ್ನಿಯರಿಲೆ ಅಳೀರಿ, ಅದರಾಗ ಪೆಲೆಟ್ ಅಗಲ 4.5 ಮಿ.ಮೀ. ಕಳೀರಿ, ನಡುವಿಂದ ನಡುವಿಗೆ ಅಂತರ ಬಂತು. .22 ಆದ್ರ 5.6 ಕಳೀರಿ. ಚಪ್ಪಟಿ ತಲಿ ಪೆಲೆಟ್ ಹಾಳಿನ್ನ ಸ್ವಚ್ಛ ಕೊರೀತೈತಿ, ಗುಂಡು ತಲೀದು ಹರೀತೈತಿ, ಅದಕ್ಕ ದಪ್ಪ ಕಾರ್ಡ್ ಹಾಕ್ರಿ.

10 ಮೀಟರ್ ಟಾರ್ಗೆಟ್ಟಿನಾಗ ಹತ್ತರ ಚುಕ್ಕಿ ಬರೇ ಅರ್ಧ ಮಿ.ಮೀ. ಪೆಲೆಟ್ ಅಂಚು ಆ ಚುಕ್ಕಿಗೆ ತಾಗಿದ್ರ ಹತ್ತು, ಅಂದ್ರ ಪೆಲೆಟ್ಟಿನ ನಡು ಟಾರ್ಗೆಟ್ ನಡುವಿಂದ ಎರಡೂವರಿ ಮಿ.ಮೀ. ಒಳಗಿರಬೇಕು. ನಡುವಿನ ಕಡೆ ಹೋದಂಗ ಪ್ರತಿ ಕಾಲು ಮಿ.ಮೀ.ಗೆ ಪಾಯಿಂಟಿನ ಹತ್ತನೇ ಒಂದು ಭಾಗ ಏರತೈತಿ, 10.1, 10.2 ಅಂತ. ಈಗ ನಿಮ್ಮ ಪೆಲೆಟ್ ಕ್ಲ್ಯಾಂಪಿನಾಗ ನಡುವಿಂದ ನಡುವಿಗೆ 3 ಮಿ.ಮೀ. ಹರಡಿದ್ರ, ಹುಡುಗಿ ಗುರಿ ಪೂರಾ ಸರಿ ಇದ್ರೂ ಅಂಚಿನ ಶಾಟಿಗೆ ಐದಾರು ದಶಾಂಶ ಪೆಲೆಟ್ಟ ತಿಂದ್ಹಾಕತೈತಿ. ಜಿಲ್ಲಾ ಲೆವೆಲ್ಲಿನಾಗ ಒಂಬತ್ತು, ಎಂಟು ಹೊಡಿಯೋ ಹುಡುಗ್ರಿಗೆ ಇದರ ಚಿಂತಿ ಬ್ಯಾಡ, ಅವ್ರಿಗೆ ಡಬ್ಬಿ ಬದಲಿ ಮಾಡೂದಕ್ಕಿಂತ ಪ್ರಾಕ್ಟೀಸ್ ಬೇಕು. ಅಪ್ಪಂದಿರು ಇದನ್ನ ಒಪ್ಪಂಗಿಲ್ಲ.

ದೊಡ್ಡ ರೈಫಲ್‌ನವ್ರು ಗ್ರೂಪನ್ನ ಎಂಓಎ (ಡಿಗ್ರಿಯ ಅರವತ್ತನೇ ಭಾಗದ ಕೋನ) ಲೆಕ್ಕದಾಗ ಹೇಳ್ತಾರ, ಒಂದು ಎಂಓಎ ಅಂದ್ರ 100 ಮೀಟರ್‌ದಾಗ ಸುಮಾರು 29 ಮಿ.ಮೀ., 50ರಾಗ ಅದರ ಅರ್ಧ.

ತಪ್ಪು ರೆಸ್ಟಿಂದೋ ಗನ್ನಿಂದೋ ಅಂತ ಹೆಂಗ ಗೊತ್ತಾಗತೈತಿ?

ಮೊದಲ ಖಾಲಿ ಟ್ರಿಗರ್ ಒತ್ತಿ ನೋಡ್ರಿ. ಮ್ಯಾಚ್ ಗನ್ನಿನಾಗ ಡ್ರೈ ಫೈರ್ ಸೆಟ್ಟಿಂಗ್ ಇರತೈತಿ, ಸೈಟ್ ಮ್ಯಾಲೆ ಕಣ್ಣಿಟ್ಟು ಒತ್ತಿದಾಗ ಗುರಿ ಕದಲಿತು ಅಂದ್ರ ನಿಮ್ ಕೂಡೂ ರೀತಿ ಇಲ್ಲಾ ಚೀಲ ಸರಿ ಇಲ್ಲ. ಸ್ಪ್ರಿಂಗ್ ಗನ್ ಮಾತ್ರ ಪೆಲೆಟ್ ಇಲ್ಲದ ಹೊಡೀಬ್ಯಾಡ್ರಿ, ಪಿಸ್ಟನ್ ಸೀಲ್ ಹಾಳಾಗತೈತಿ.

ಗ್ರೂಪ್ ಮ್ಯಾಲೆ ಕೆಳಗ ಉದ್ದ ಹರಡಿದ್ರ ಹಿಂದಿನ ಚೀಲ ಮತ್ತ ಹೆಗಲ ಒತ್ತಡ ನೋಡ್ರಿ. ಅಡ್ಡ ಹರಡಿದ್ರ ಗಾಳಿ, ಗಲ್ಲ ಒತ್ತೋ ರೀತಿ, ಗನ್ ವಾರಿ ಆಗಿರೂದು. ಎರಡು ಬ್ಯಾರೆ ಬ್ಯಾರೆ ಗುಂಪಾಗಿ ಬಿದ್ರ ಏನೋ ಸಡ್ಲ ಐತಿ, ಸ್ಕೋಪ್ ಮೌಂಟ್, ಸ್ಟಾಕ್ ಸ್ಕ್ರೂ ಎಲ್ಲಾ ಕಂಪನಿ ಹೇಳಿದಷ್ಟ ಬಿಗೀರಿ, ಜಾಸ್ತೀನೂ ಬ್ಯಾಡ. ಸ್ಕೋಪ್ ಇದ್ರ ಪ್ಯಾರಲಾಕ್ಸ್ ಸಹಿತ ನೋಡ್ರಿ, ಗನ್ ಅಲ್ಲಾಡಿಸದ ತಲಿ ಅಷ್ಟ ಆ ಕಡೆ ಈ ಕಡೆ ಮಾಡಿದಾಗ ಗೆರಿ ಟಾರ್ಗೆಟ್ ಮ್ಯಾಲೆ ಓಡಾಡಿದ್ರ ಆ ದೂರಕ್ಕ ಅದು ಸೆಟ್ ಆಗಿಲ್ಲ. ಇಷ್ಟೂ ಸರಿ ಇದ್ರ, ನಿಮಗಿಂತ ಛಲೋ ಹೊಡಿಯೋ ಒಬ್ರಿಗೆ ಅದ ಗನ್ ಅದ ಚೀಲದ ಮ್ಯಾಲೆ ಕೊಡ್ರಿ. ಅವ್ರಿಗೂ ಹಂಗ ಬಂದ್ರ ಆಗ ಗನ್ ಮ್ಯಾಲೆ ಅನುಮಾನ ಪಡ್ರಿ.

ಗದಗ ಕಡೆ ಬಯಲಾಗ 50 ಮೀಟರ್ ಹೊಡದ್ರ ಒಂದೂ ಕೂಡಂಗಿಲ್ಲ, ರೆಸ್ಟ್ ಬದಲಿ ಮಾಡಲೇನು?

ತಪ್ಪು ರೆಸ್ಟಿಂದಲ್ಲ, ಗಾಳೀದು; ಕಪ್ಪತಗುಡ್ಡದ ಕಡೆ ಕರೆಂಟ್ ಮಾಡೋ ಗಾಳಿ ಫ್ಯಾನ್ ಸುಮ್ಮನ ನಿಲ್ಸ್ಯಾರೇನ್ರಿ. ಮುಂಜಾನೆ ಹೊತ್ತು ಏರೂಕ್ಕಿಂತ ಮೊದಲ ಹೊಡೀರಿ, ಟಾರ್ಗೆಟ್ ಹತ್ರ ಒಂದು, ನಡುವೊಂದು ಹಗುರ ರಿಬ್ಬನ್ ಕಟ್ರಿ, ಎರಡೂ ಒಂದ ನಮೂನಿ ಇದ್ದಾಗಷ್ಟ ಟ್ರಿಗರ್ ಒತ್ರಿ. ಆಷಾಢದಾಗ ಬಯಲು ಟೆಸ್ಟ್ ಬ್ಯಾಡ. ಹಾಲ್ ಒಳಗ ಹೊಡಿಯೋರು ಸೀಲಿಂಗ್ ಫ್ಯಾನ್ ಬಂದ್ ಮಾಡ್ರಿ.

ರೆಸ್ಟ್ ಮ್ಯಾಲೆ ಝೀರೋ ಮಾಡಿದ್ದು ನಿಂತಾಗ ಯಾಕ ತಪ್ಪತೈತಿ?

ತಪ್ಪೇ ತಪ್ಪತೈತಿ. ನಿಂತಾಗ ಕಣ್ಣು ಸೈಟಿನ ಹಿಂದ ಬ್ಯಾರೆ ಕಡೆ ಬರ್ತೈತಿ, ಗನ್ ಹಿಂದ ಸರಿಯೋ ರೀತಿನೂ ಬ್ಯಾರೆ. ರೆಸ್ಟಿನ ಮ್ಯಾಲೆ ಪೆಲೆಟ್ ಆರಿಸ್ರಿ, ಗನ್ ಆರೋಗ್ಯ ನೋಡ್ರಿ, ಸ್ಪರ್ಧೆಗೆ ಹೋಗೋರು ಕಡೇ ಝೀರೋ ಮಾತ್ರ ಸ್ಪರ್ಧೆಯಾಗ ಹೆಂಗ ನಿಲ್ತೀರೋ ಹಂಗ ನಿಂತ ಮಾಡ್ರಿ. 10 ಮೀಟರ್ ಸ್ಪರ್ಧೆಯಾಗ ರೆಸ್ಟ್ ನಡಿಯಂಗಿಲ್ಲ ಅನ್ನೂದು ಗೊತ್ತೈತಲ್ಲ.

ಹೊಲದಾಗ ಟೇಬಲ್ ಹಾಕಿ ಟೆಸ್ಟ್ ಮಾಡಬಹುದಾ?

2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ .177 ಇಂಚ್ (4.5 ಮಿ.ಮೀ.) ಬೋರ್ ಮೀರದ, 20 ಜೂಲ್ ಶಕ್ತಿ ಒಳಗಿನ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಹಂಗಂತ ಎಲ್ಲಿ ಬೇಕಾದಲ್ಲಿ ಹೊಡಿಯೂದಲ್ಲ. ಹಿಂದ ಮಣ್ಣಿನ ದಿಬ್ಬ ಇರಬೇಕು, ಅದರಾಚೆ ದಾರಿ, ಮನಿ, ದನ ಇರಬಾರ್ದು. .22 ಮತ್ತ ಮ್ಯಾಲಿನ ಬೋರು ರೇಂಜಿನಾಗ ಅಷ್ಟ. ಹಾವೇರಿ ಕಡಿಂದ ಮೆಕ್ಕೆಜೋಳಕ್ಕ ಹಂದಿ ಬರ್ತಾವು ಅಂತ ಕೇಳೋರು ಅರಣ್ಯ ಇಲಾಖೆನ ಕೇಳ್ರಿ, ನನ್ನಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ, ಬಂಕಾಪುರದ ನವಿಲು, ಯಾವುದೇ ಹಕ್ಕಿ ಮ್ಯಾಲೆ "ಟೆಸ್ಟ್" ಮಾಡೋ ಮಾತು ಆಡಿದವ್ರ ಫೋನ್ ನಾ ಇಡ್ತೀನಿ. 1972ರ ವನ್ಯಜೀವಿ ಕಾಯ್ದೆಯಾಗ ಜೈಲೈತಿ.

ಕಡೀಕ ನಾನೇನ್ ತಗೋಬೇಕು ಹೇಳ್ರಿ, ರೊಕ್ಕ ಕಮ್ಮಿ ಐತಿ.

ಎರಡು ಚೀಲ ಹೊಲಿಸ್ರಿ. ಮ್ಯಾಚ್ ಗನ್ ಇದ್ದು ರಾಜ್ಯ ಮಟ್ಟ ದಾಟಿದ್ರ, ನಾಕೈದು ಮನಿಯವ್ರು ಕೂಡಿ ಒಂದು ಛಲೋ ಕ್ಲ್ಯಾಂಪ್ ಮಾಡಿಸಿ ರೇಂಜಿನಾಗ ಕಾಂಕ್ರೀಟಿಗೆ ಕೂಡಸ್ರಿ, ವರ್ಷಕ್ಕ ಒಂದೆರಡು ಸಲ ಬ್ಯಾಚ್ ಆರಿಸಾಕಷ್ಟ ಅದು ಬೇಕಾಗೂದು.

ಮಳಿಗಾಲದಾಗ ಚೀಲ ಹೆಂಗ ಇಡೂದು?

ನೆಲದ ಮ್ಯಾಲೆ ಬ್ಯಾಡ, ಹಲಗಿ ಮ್ಯಾಲೆ ಇಡ್ರಿ, ಪ್ಲಾಸ್ಟಿಕ್ಕಿನಾಗ ಸುತ್ತಬ್ಯಾಡ್ರಿ, ಬೂಷ್ಟು ಹಿಡಿತೈತಿ. ಶ್ರಾವಣ ಮುಗದು ಬಿಸಿಲು ಬಿದ್ದ ಮ್ಯಾಲೆ ಒಂದಿನ ಉಸುಕು ಹೊರಗ ಸುರುವಿ ಒಣಗಿಸಿ ಮತ್ತ ತುಂಬ್ರಿ, ಆಗ ಹೊಲಿಗಿನೂ ನೋಡಿದಂಗಾಗತೈತಿ.